ಪಾದಪೂರಣ

ಯಂತ್ರವನ್ನು ಬಿಚ್ಚುವುದಕ್ಕೆ ಧೈರ್ಯವೊಂದಿದ್ದರೆ ಸಾಕು. ಮತ್ತೆ ಜೋಡಿಸುವುದಕ್ಕೆ ವಿದ್ಯೆ ಬೇಕು. ಈ ಎರಡರ ನಡುವಣ ಅಂತರ ಎಷ್ಟೆಂಬುದನ್ನು ತೋರಿಸುವ ಅಳತೆಗೋಲೊಂದುಂಟು. ಎಲ್ಲವನ್ನೂ ಜೋಡಿಸಿ, ತಿರುಪುಗಳನ್ನೆಲ್ಲ ಬಿಗಿದು, ಕೈ ತೊಳೆದುಕೊಂಡು ಕಾಫಿಗೆ ಕುಳಿತ ಮೇಲೆ ನೆಲದ ಮೇಲೆ ಉಳಿದಿರುವ ಒಂದು ಚೂರೇ ಆ ಅಳತೆಗೋಲು. ಗಡಿಯಾರವನ್ನು ಬಿಚ್ಚಿದವನಿಗೆ ಅದೊಂದು ಹಲ್ಲಿನ ಚಕ್ರ. ಹೊಲಿಗೆಯ ಯಂತ್ರವನ್ನು ಬಿಚ್ಚಿದವನಿಗೆ ಒಂದು ಸ್ಪ್ರಿಂಗು. ಬೀಗವನ್ನು ಬಿಚ್ಚಿದವನಿಗೆ ಒಂದು ತಗಡಿನ ತುಂಡು.

ಚೂರು ಉಳಿದಾಗ ಮನುಷ್ಯನು ಎರಡು ಬಗೆಯಾಗಿ ಯೋಚಿಸಬಹುದು. ‘ನಾನೆಲ್ಲೋ ತಪ್ಪಿದ್ದೇನೆ’ ಎನ್ನುವುದು ಒಂದು. ‘ಮಾಡಿದವನೇ ಒಂದನ್ನು ಹೆಚ್ಚಾಗಿ ಹಾಕಿದ್ದಾನೆ’ ಎನ್ನುವುದು ಇನ್ನೊಂದು. ಎರಡನೆಯದು ಮನಸ್ಸಿಗೆ ಹಿತವಾದುದರಿಂದ ಬಹುಮಂದಿ ಅದನ್ನೇ ಹಿಡಿಯುತ್ತಾರೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿದ್ದ ಒಬ್ಬ ಕನ್ನಡ ಪಂಡಿತರೂ 1963ರ ನವರಾತ್ರಿಯಲ್ಲಿ ಅದನ್ನೇ ಹಿಡಿದರು.

ಪಂಡಿತರದು ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ಹಳೆಯ ರ್ಯಾಲಿ ಸೈಕಲ್ಲು. ಪೆಡಲಿನ ಬಳಿಯ ದೊಡ್ಡ ಹಲ್ಲುಚಕ್ರದಲ್ಲಿ ಆ ಕಂಪೆನಿಯ ಗುರುತಾದ ಕೊಕ್ಕರೆಯ ತಲೆಗಳು ಕೊರೆದಿದ್ದುವು. ಹೈಸ್ಕೂಲು ಮನೆಗೆ ಸಮೀಪವಾದುದರಿಂದ ಪಂಡಿತರು ಅಲ್ಲಿಗೆ ನಡೆದೇ ಹೋಗುತ್ತಿದ್ದರು. ಸಂಜೆ ಸಾಹಿತ್ಯ ಪರಿಷತ್ತಿಗೆ ಹೋಗಿಬರುವಾಗ ಮಾತ್ರ ಸೈಕಲ್ಲು ಅವರದು. ಹಗಲೆಲ್ಲ ಅದು ನ್ಯಾಷನಲ್ ಕಾಲೇಜಿನಲ್ಲಿ ಓದುತ್ತಿದ್ದ ಮಗನದು. ಮಗನು ಹೋಗುವಾಗ ಒಂಬತ್ತು ವರ್ಷದ ತಂಗಿಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಬಸವನಗುಡಿಯ ಅವಳ ಶಾಲೆಯ ಮುಂದೆ ಇಳಿಸಿಹೋಗುವುದು ವಾಡಿಕೆಯಾಗಿತ್ತು.

ಪ್ರತಿವರ್ಷ ಆಯುಧಪೂಜೆಯ ಹಿಂದಿನ ವಾರ ಸೈಕಲ್ಲು ಎರಡು ಬೀದಿಯಾಚೆಯ ಸಾಹೇಬರ ಅಂಗಡಿಗೆ ಹೋಗಿ, ಕೀಲುಕೀಲುಗಳನ್ನೂ ಬಿಚ್ಚಿಸಿಕೊಂಡು, ತೊಳೆಸಿಕೊಂಡು, ಹೊಸದಾಗಿ ಬರುತ್ತಿತ್ತು. ಈ ಕೆಲಸಕ್ಕೆ ‘ಓವರ್‌ಹಾಲ್’ ಎಂದು ಇಂಗ್ಲಿಷ್ ಹೆಸರು; ಅಂಗಡಿಗಳ ಬಾಯಲ್ಲಿ ಅದು ‘ಓವರಾಯಿಲ್’ ಆಗಿತ್ತು. ಶಬ್ದಗಳ ಮೂಲವನ್ನು ಹುಡುಕುವುದರಲ್ಲಿ ಆಸಕ್ತರಾದ ಪಂಡಿತರು, ಧಾರಾಳವಾಗಿ ಎಣ್ಣೆ ಹಾಕುವುದೇ ಈ ಕ್ರಿಯೆಯ ಸಾರವೆಂದು ಅರ್ಥಮಾಡಿಕೊಂಡಿದ್ದರು. ಆ ವರ್ಷ ಅವರು, “ಎಣ್ಣೆ ಹಾಕುವುದಕ್ಕೆ ಅಂಗಡಿಯವರೇ ಆಗಬೇಕೆ? ಮನೆಯಲ್ಲೇ ಮಾಡೋಣ. ಐದಾರು ರೂಪಾಯಿ ಉಳಿಯುತ್ತದೆ” ಎಂದರು. ಉಳಿತಾಯದ ಮಾತು ಸುಳ್ಳಲ್ಲ. ಆದರೆ ಪೂರ್ಣ ನಿಜವೂ ಅಲ್ಲ. ಅಂಗಡಿಗೆ ಹೋಗದಿರುವುದಕ್ಕೆ ಅವರಿಗೆ ಬೇರೊಂದು ಕಾರಣವಿತ್ತು. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಅಷ್ಟಮಿಯ ದಿನ ಬೆಳಗ್ಗೆ ಹಿತ್ತಲಿನ ಕಲ್ಲುಹಾಸಿನ ಮೇಲೆ ಸೈಕಲ್ಲು ತಲೆಕೆಳಗಾಗಿ ನಿಂತಿತು. ಪಕ್ಕದಲ್ಲಿ ಸೀಮೆಎಣ್ಣೆ ತುಂಬಿದ ಹಳೆಯ ಬೋಗುಣಿ. ಪಂಡಿತರು ಹಸ್ತಪ್ರತಿಯ ಗರಿಗಳನ್ನು ಎಣಿಸುವ ಎಚ್ಚರದಿಂದಲೇ ಕೆಲಸಕ್ಕೆ ಕೈಹಾಕಿದರು. ಮುಂದಿನ ಚಕ್ರದ ಗುಂಬದಿಂದ ಬಂದ ಉಕ್ಕಿನ ಗುಂಡುಗಳು ಒಂದೊಂದು ಪಕ್ಕಕ್ಕೆ ಹತ್ತು. ಹಿಂದಿನ ಚಕ್ರದವು, ಸ್ವಲ್ಪ ದಪ್ಪ, ಪಕ್ಕಕ್ಕೆ ಒಂಬತ್ತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಎಡಗಡೆಯ ಪೆಡಲು ಮಾತ್ರ ಎಷ್ಟು ತಿರುಗಿಸಿದರೂ ಬಿಡಲಿಲ್ಲ. ಕೊನೆಗೆ ಮಗ, “ಅಪ್ಪ, ಅದರ ಮರೆ ಉಲ್ಟಾ. ಆ ಕಡೆ ತಿರುಗಿಸಿ” ಎಂದ. ತಿರುಗಿಸಿದರೆ ಬೆಣ್ಣೆಯಂತೆ ಬಂತು. “ಓಹೋ, ಬಲಮುರಿ, ಎಡಮುರಿ! ಶಂಖದಲ್ಲಿರುವ ಭೇದ ಇಲ್ಲಿಯೂ ಇದೆ!” ಎಂದು ಪಂಡಿತರು ಸಂತೋಷಪಟ್ಟರು.

ಆ ಸಂತೋಷವೇ ಮುಳುವಾಯಿತು. ಹಿಂದಿನ ಚಕ್ರದ ಪಕ್ಕದಲ್ಲಿ ಚೈನು ಕೂರುವ ಚಿಕ್ಕ ಹಲ್ಲುಚಕ್ರವಿದೆಯಲ್ಲ, ಫ್ರೀವೀಲು, ಅದರ ಮುಖದ ಮೇಲೆ ಎರಡು ಸಣ್ಣ ತೂತುಗಳುಳ್ಳ ಬಳೆಯೊಂದು ಅವರ ಕಣ್ಣಿಗೆ ಬಿತ್ತು. ತೂತಿಗೆ ಮೊಳೆಯ ತುದಿಯನ್ನಿಟ್ಟು ಸುತ್ತಿಗೆಯಿಂದ ತಟ್ಟಿದರು. ಎಡಕ್ಕೆ ಬರಲಿಲ್ಲ. ಹೊಸ ವಿದ್ಯೆ ನೆನಪಿಗೆ ಬಂದು ಬಲಕ್ಕೆ ತಟ್ಟಿದರು, ಬಂತು. ಬಂದ ಕೂಡಲೆ ಕೊತ್ತಂಬರಿ ಬೀಜದಷ್ಟು ಚಿಕ್ಕ ಗುಂಡುಗಳು ಕಲ್ಲುಹಾಸಿನ ಮೇಲೆಲ್ಲ ಚೆಲ್ಲಾಡಿದುವು. ಅರ್ಧ ಬೋಗುಣಿಗೆ ಬಿದ್ದುವು, ಅರ್ಧ ತುಳಸಿಕಟ್ಟೆಯ ಬುಡಕ್ಕೆ ಉರುಳಿದುವು. ಅವನ್ನು ಆರಿಸುವುದರಲ್ಲಿಯೇ ಮಧ್ಯಾಹ್ನವಾಯಿತು. ಫ್ರೀವೀಲಿನ ಒಳಗೆ ಒಂದು ಪಕ್ಕದಲ್ಲಿ ಜಿಡ್ಡುಗಟ್ಟಿದ ಉಬ್ಬು, ಎದುರು ಪಕ್ಕದಲ್ಲಿ ಒಂದು ಖಾಲಿ ಗುಳಿ ಕಂಡುವು. ಗುಳಿಯು ಎಣ್ಣೆ ನಿಲ್ಲುವುದಕ್ಕಾಗಿ ಇರಬೇಕೆಂದುಕೊಂಡು ಪಂಡಿತರು ಅದರ ತುಂಬ ಗಟ್ಟಿ ಗ್ರೀಸನ್ನು ಮೆತ್ತಿ, ಗುಂಡುಗಳನ್ನು ಅದೇ ಗ್ರೀಸಿನಲ್ಲಿ ಸಾಲಾಗಿ ಅಂಟಿಸಿ, ಬಳೆಯನ್ನು ಬಿಗಿದರು. ಸಂಜೆಯ ಹೊತ್ತಿಗೆ ಸೈಕಲ್ಲು ನೆಟ್ಟಗೆ ನಿಂತಿತು, ತುಳಿದರೆ ಓಡಿತು. ನೋಟ್‌ಬುಕ್ಕಿನ ಲೆಕ್ಕವೂ ಸರಿಹೊಂದಿತು.

ಮರುದಿನ ಬೆಳಗ್ಗೆ ಅವರ ಹೆಂಡತಿ ಬೋಗುಣಿಯ ತಳದ ಮಡ್ಡಿಯನ್ನು ಚೆಲ್ಲುವಾಗ ಏನೋ ಠಣ್ ಎಂದಿತು. “ರೀ, ಇದೇನು ನೋಡಿ, ಉಳಿದುಬಿಟ್ಟಿದೆ” ಎಂದು ಕರೆದರು.

ಕಿರುಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಲ್ಲದ ಉಕ್ಕಿನ ಚೂರು ಅದು. ಒಂದು ತುದಿ ದುಂಡು, ಇನ್ನೊಂದು ತುದಿ ಚೂಪು. ಬೆನ್ನು ಸ್ವಲ್ಪ ಬಾಗಿತ್ತು. ಅಂದು ಮಹಾನವಮಿ. ಸ್ಪ್ಯಾನರು, ಸುತ್ತಿಗೆ, ತಿರುಪುಳಿ ಎಲ್ಲವೂ ಆಗಲೇ ತಟ್ಟೆಯಲ್ಲಿ ದೇವರ ಮುಂದೆ ಕುಳಿತಿದ್ದುವು. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವಂತಿಲ್ಲ. ಚೂರಿಗೆ ಏನು ಮಾಡಬೇಕೆಂದು ತೋರದೆ ಅದನ್ನೂ ತಟ್ಟೆಯಲ್ಲಿಟ್ಟರು. ಸೈಕಲ್ಲಿಗೆ ಚೆಂಡುಹೂವಿನ ಹಾರ ಬಿತ್ತು; ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು; ಹೆಸರು ತಿಳಿಯದ ಆ ಚೂರಿಗೂ ಅರಿಸಿನ ಕುಂಕುಮ ಬಿದ್ದುವು. ಯಾವ ಊರಿನಲ್ಲಿಯೂ ಹೆಸರಿಲ್ಲದ ದೇವರಿಗೆ ಪೂಜೆ ತಪ್ಪುವುದಿಲ್ಲ.

ವಿಜಯದಶಮಿಯ ದಿನ ಬನ್ನಿ ಕೊಡಲು ಬಂದವರಿಗೆಲ್ಲ ಚೂರಿನ ದರ್ಶನವಾಯಿತು. ಎದುರುಮನೆಯ ನಿವೃತ್ತ ಓವರ್‌ಸೀಯರು ಕನ್ನಡಕವನ್ನೇರಿಸಿ, “ಇದು ಡೈನಮೋ ಕೂರಿಸುವ ಪಟ್ಟಿಯ ಮುರುಕು” ಎಂದು ತೀರ್ಪಿತ್ತರು. ಪಂಡಿತರ ಸೈಕಲ್ಲಿಗೆ ಡೈನಮೋ ಇರಲೇ ಇಲ್ಲ. ಪಕ್ಕದ ಬೀದಿಯ ಗಡಿಯಾರದವರು, “ನಮ್ಮದಲ್ಲ ಸ್ವಾಮಿ, ಇಷ್ಟು ಒರಟು ಕೆಲಸ ನಮ್ಮಲ್ಲಿಲ್ಲ” ಎಂದು ಹಿಂದಕ್ಕೆ ಕೊಟ್ಟರು. ಪಂಡಿತರ ವೃದ್ಧ ತಾಯಿ ಅದನ್ನು ಕೈಯಲ್ಲಿ ತಡವಿ ನೋಡಿ, “ನಾಯಿಹಲ್ಲು ಇದ್ದ ಹಾಗಿದೆಯಲ್ಲೋ. ಹಲ್ಲು ಅಂದಮೇಲೆ ಕಚ್ಚೋದಕ್ಕೇ ಇರಬೇಕು” ಎಂದರು. ಆ ಮಾತಿಗೆ ಎಲ್ಲರೂ ನಕ್ಕರು.

ವಿಜ್ಞಾನ ಓದುತ್ತಿದ್ದ ಮಗ ಮಾತ್ರ ನಗಲಿಲ್ಲ. ಪೂಜೆ ಮುಗಿದ ಮೇಲೆ ಅದಕ್ಕೆ ಅರ ಹಾಕಿ ನೋಡಿದ. ಅರ ಜಾರಿತೇ ಹೊರತು ಗೀರು ಬೀಳಲಿಲ್ಲ. “ಅಪ್ಪ, ಇದು ಹದಹಾಕಿದ ಉಕ್ಕು. ಈ ಚೂಪು ತುದಿ ನೋಡಿ, ಉಜ್ಜಿ ಉಜ್ಜಿ ಕನ್ನಡಿಯ ಹಾಗಾಗಿದೆ. ಸುಮ್ಮನೆ ಕೂತಿದ್ದ ಚೂರು ಹೀಗೆ ಸವೆಯುತ್ತದೆಯೇ?” ಎಂದು ಕೇಳಿದ. ಗುರುತು ಹತ್ತಬೇಕಾಗಿದ್ದುದು ಅಲ್ಲಿಯೇ. ಯಾವ ಬಿಡಿಭಾಗವೇ ಆಗಲಿ, ತನ್ನ ಕೆಲಸವೇನೆಂಬುದನ್ನು ತನ್ನ ಸವೆತದಲ್ಲಿ ಬರೆದುಕೊಂಡಿರುತ್ತದೆ. ಹೊಳೆಯುವ ತುದಿಯೆಂದರೆ ಮತ್ತೊಂದು ಲೋಹದೊಡನೆ ದಿನವೂ ಹೋರಾಡಿದ ತುದಿ. ಆದರೆ ಓಲೆಗರಿಯ ಮಾಸಿದ ಅಕ್ಷರವನ್ನು ಓದಬಲ್ಲ ಪಂಡಿತರಿಗೆ ಈ ಲಿಪಿ ಓದಲು ಬಾರದು.

“ಇದಿಲ್ಲದೆಯೂ ಸೈಕಲ್ಲು ಓಡುತ್ತಿದೆಯೋ ಇಲ್ಲವೋ?” ಎಂದರು ಅವರು. “ಓಡುತ್ತಿದೆ. ಅಂದಮೇಲೆ ಇದು ಪಾದಪೂರಣ.”

ಪಾದಪೂರಣವೆಂದರೆ ಪದ್ಯದ ಪಾದದಲ್ಲಿ ಮಾತ್ರೆಯೋ ಅಕ್ಷರವೋ ಕಡಮೆ ಬಿದ್ದಾಗ ಅದನ್ನು ತುಂಬುವುದಕ್ಕಾಗಿ ಕವಿ ಹಾಕುವ ಪದ. ಹಳಗನ್ನಡದಲ್ಲಿ ‘ತಾಂ’, ‘ಗಡ’, ‘ವಲಂ’ ಮೊದಲಾದುವು ಬಂದಾಗ, ಅರ್ಥ ಹೇಳುವವರು ಅವಸರದಲ್ಲಿದ್ದರೆ, ‘ಇದು ಪಾದಪೂರಣ’ ಎಂದು ದಾಟಿಬಿಡುವುದುಂಟು. ಪಂಡಿತರ ಪಠ್ಯಪುಸ್ತಕದ ಅಂಚಿನಲ್ಲಿ ‘ಪಾ.ಪೂ.’ ಎಂಬ ಪೆನ್ಸಿಲ್ ಗುರುತುಗಳು ಬೇಕಾದಷ್ಟಿದ್ದುವು. ಚೂರು ಅವರ ಮೇಜಿನ ಮೇಲೆ, ಮಸಿಕುಡಿಕೆಯ ಪಕ್ಕದಲ್ಲಿ ಕುಳಿತಿತು.

ರಜೆ ಮುಗಿದು ಕಾಲೇಜು, ಶಾಲೆಗಳು ತೆರೆದುವು. ಒಂದು ವಾರ ಏನೂ ಆಗಲಿಲ್ಲ. ಎಂಟನೆಯ ದಿನ ಸಂಜೆ ಮಗಳು ಒಳಕ್ಕೆ ಬಂದವಳೇ ಅಜ್ಜಿಯ ಹತ್ತಿರ ಹೋಗಿ ಮುದುರಿ ಕುಳಿತಳು. ಅವಳ ಮೊಣಕಾಲು ತರಚಿತ್ತು. ಮಗ ತಡೆತಡೆದು ಹೇಳಿದ: ಚಾಮರಾಜಪೇಟೆಯಿಂದ ಬಸವನಗುಡಿಯ ಕಡೆಗೆ ಏರುವ ರಸ್ತೆಯಲ್ಲಿ ಎದ್ದುನಿಂತು ತುಳಿಯುತ್ತಿದ್ದಾಗ ಪೆಡಲು ಇದ್ದಕ್ಕಿದ್ದಂತೆ ಹಗುರವಾಗಿ ಕೆಳಕ್ಕೆ ಬಿದ್ದುಹೋಯಿತು. ಕಾಲಿನ ಕೆಳಗೆ ನೆಲವೇ ಇಲ್ಲದಂತಾಯಿತು. ಹ್ಯಾಂಡಲು ಓಲಾಡಿ, ತಂಗಿ ರಸ್ತೆಯ ಬದಿಗೆ ಬಿದ್ದಳು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಡ್ರೈವರು ಬ್ರೇಕು ಹಾಕಿದ್ದರಿಂದ ಬದುಕಿದರು. ಮರುಕ್ಷಣವೇ ಪೆಡಲು ಏನೂ ಆಗದಂತೆ ಹಿಡಿಯಿತು. ಮನೆಯವರೆಗೂ ಸರಿಯಾಗಿಯೇ ಬಂತು.

ಪಂಡಿತರು ಮಾತನಾಡಲಿಲ್ಲ. ಮೇಜಿನ ಮೇಲಿದ್ದ ಚೂರನ್ನು ಜೇಬಿಗೆ ಹಾಕಿಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಹೊರಟರು.

ಸಾಹೇಬರ ಅಂಗಡಿಗೆ ಅವರು ಹೋಗದಿರುವುದಕ್ಕೆ ಕಾರಣ ಆ ಅಂಗಡಿಯಲ್ಲಿದ್ದ ಒಬ್ಬ ಹುಡುಗ. ಎರಡು ವರ್ಷಗಳ ಹಿಂದೆ ಅವನು ಅವರ ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದ. ಗುರು ಲಘು ಹಾಕು ಎಂದರೆ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಕಂಬದ ಹಾಗೆ ನಿಲ್ಲುತ್ತಿದ್ದ. ಒಂದು ದಿನ, ಯಾವುದೋ ಬೇಸರದಲ್ಲಿದ್ದ ಪಂಡಿತರು, “ಈ ತರಗತಿಗೆ ನೀನೊಬ್ಬ ಪಾದಪೂರಣ ಕಣೋ. ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ” ಎಂದುಬಿಟ್ಟರು. ನಲವತ್ತು ಮಂದಿ ಹುಡುಗರು ನಕ್ಕರು. ತಮ್ಮ ಮಾತಿಗೆ ತರಗತಿ ನಕ್ಕಿತೆಂದು ಪಂಡಿತರಿಗೂ ಆ ಕ್ಷಣದಲ್ಲಿ ಸ್ವಲ್ಪ ಹೆಮ್ಮೆಯೇ ಆಯಿತು. ಕೆಲವು ತಿಂಗಳ ಮೇಲೆ ಹುಡುಗ ಶಾಲೆ ಬಿಟ್ಟ. ಮನೆಯ ಕಷ್ಟವೇ ಕಾರಣವೆಂದು ಹೆಡ್‌ಮಾಸ್ಟರು ಹೇಳಿದರು, ಇದ್ದರೂ ಇರಬಹುದು. ಹಿಂದಿನ ವರ್ಷದ ಆಯುಧಪೂಜೆಯಾದ ಮೇಲೆ ಅವನು ಸಾಹೇಬರ ಅಂಗಡಿಯಲ್ಲಿ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದುದನ್ನು ಪಂಡಿತರು ಕಂಡರು. ಅಂದಿನಿಂದ ಅವರು ಪರಿಷತ್ತಿಗೆ ಬೇರೆ ಬೀದಿಯಲ್ಲಿ ಹೋಗಿಬರತೊಡಗಿದರು.

ಪಂಡಿತರನ್ನು ಕಂಡು ಸಾಹೇಬರು ಎದ್ದುನಿಂತರು. “ಬನ್ನಿ ಮೇಷ್ಟ್ರೇ, ಬಹಳ ದಿನ ಆಯ್ತು” ಎಂದು ಸ್ಟೂಲು ಹಾಕಿ, ಚೂರನ್ನು ದೀಪಕ್ಕೆ ಹಿಡಿದು ಒಂದು ಕ್ಷಣ ನೋಡಿ, ಒಳಕ್ಕೆ ತಿರುಗಿ ಕೂಗಿದರು: “ಏ ಪಾದ! ಇಲ್ಲಿ ಬಾರೋ!”

ಪಂಡಿತರಿಗೆ ಎದೆಯೊಳಗೆ ಏನೋ ಚುಚ್ಚಿದಂತಾಯಿತು.

“ಪೆಡಲ್ ಕೆಲಸ ಬಹಳ ಚೆನ್ನಾಗಿ ಮಾಡ್ತಾನೆ ಸ್ವಾಮಿ. ಅದಕ್ಕೇ ಹುಡುಗರೆಲ್ಲ ಪಾದ, ಪಾದ ಅಂತ ಕರೀತಾರೆ” ಎಂದು ಸಾಹೇಬರು ಅಭಿಮಾನದಿಂದ ವಿವರಿಸಿದರು. ಒಳಗಿನಿಂದ ಬಂದ ಹುಡುಗ ಅದನ್ನು ತಿದ್ದಲಿಲ್ಲ. ಚಿಂದಿಬಟ್ಟೆಯಲ್ಲಿ ಕೈಯೊರಸಿಕೊಂಡು, “ನಮಸ್ಕಾರ ಸಾರ್” ಎಂದು, ಸೈಕಲ್ಲಿನ ಹಿಂದಿನ ಚಕ್ರವನ್ನೆತ್ತಿ ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿದ; ಕಿವಿಯನ್ನು ಹತ್ತಿರ ತಂದ.

“ಸದ್ದು ತುಂಬ ಸಣ್ಣಗಿದೆ ಸಾರ್. ಒಳಗೆ ಒಂದೇ ಕುತ್ತಾ ಇದೆ. ಇನ್ನೊಂದು ಇದೇ” ಎಂದು ಚೂರನ್ನು ತೋರಿಸಿದ.

ಹಿಂದಿ ಮಾತಿನಲ್ಲಿ ಕುತ್ತಾ ಎಂದರೆ ನಾಯಿ. ಸೈಕಲ್ ಅಂಗಡಿಗಳಲ್ಲಿ ಫ್ರೀವೀಲಿನ ಈ ಕಚ್ಚುವ ಚೂರಿಗೆ ಅದೇ ಹೆಸರು. ಪಂಡಿತರಿಗೆ ತಾಯಿಯ ‘ನಾಯಿಹಲ್ಲು’ ನೆನಪಾಯಿತು. ಮನೆಯಲ್ಲಿ ಸರಿಯಾದ ಅರ್ಥ ಹೇಳಿದವರು ಅವರೊಬ್ಬರೇ.

ಹುಡುಗ ಬಳೆಯನ್ನು ಬಲಕ್ಕೆ ತಟ್ಟಿ ಬಿಚ್ಚಿದ. ಕೆಳಗೆ ತಟ್ಟೆ ಹಿಡಿದಿದ್ದರಿಂದ ಒಂದು ಗುಂಡೂ ಚೆಲ್ಲಲಿಲ್ಲ. ಗ್ರೀಸನ್ನು ಒರಸಿ ತೆಗೆದು ಒಂದೊಂದಾಗಿ ತೋರಿಸಿದ. ಹೊರಗಿನ ಹಲ್ಲುಚಕ್ರದ ಒಳಮೈಯಲ್ಲಿ ಗರಗಸದಂತೆ ಓರೆಯಾದ ಹಲ್ಲುಗಳು; ನಡುವಿನ ಭಾಗದಲ್ಲಿ ಎದುರುಬದುರಾಗಿ ಎರಡು ಗುಳಿಗಳು; ಒಂದೊಂದು ಗುಳಿಯಲ್ಲಿಯೂ ಒಂದೊಂದು ಕುತ್ತಾ. ಕೂದಲೆಳೆಯಂಥ ತಂತಿಯ ಸ್ಪ್ರಿಂಗು ಅದನ್ನು ಸದಾ ಮೇಲಕ್ಕೆತ್ತಿ ಹಿಡಿದಿರುತ್ತದೆ. ಮುಂದಕ್ಕೆ ತುಳಿದಾಗ ಗರಗಸದ ಹಲ್ಲು ಅದರ ಚೂಪು ತುದಿಗೆ ಆತುಕೊಂಡು ಚಕ್ರವನ್ನು ತಿರುಗಿಸುತ್ತದೆ; ತುಳಿಯುವುದನ್ನು ನಿಲ್ಲಿಸಿದಾಗ ಹಲ್ಲುಗಳು ಅದರ ಬೆನ್ನಿನ ಮೇಲೆ ಜಾರಿಹೋಗುತ್ತವೆ. ಇಳಿಜಾರಿನಲ್ಲಿ ಕೇಳಿಸುವ ಟಿಕ್ ಟಿಕ್ ಸದ್ದು ಅದೇ.

ಈ ಸೌಕರ್ಯ ಸೈಕಲ್ಲಿನೊಡನೆ ಹುಟ್ಟಿದುದಲ್ಲ. ಎರಡೂ ಚಕ್ರ ಹೆಚ್ಚುಕಡಮೆ ಸಮನಾಗಿ, ಹಿಂದಿನ ಚಕ್ರಕ್ಕೆ ಚೈನು ಹೂಡಿದ ‘ರೋವರ್’ ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ ಕವೆಂಟ್ರಿಯಲ್ಲಿ ಮಾಡಿದ್ದು 1885ರಲ್ಲಿ. ಡನ್‌ಲಪ್ಪನ ಗಾಳಿಯ ಟೈರು ಬಂದದ್ದು 1888ರಲ್ಲಿ. ಆಗಲೂ ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕಾಗಿತ್ತು. ಇಳಿಜಾರಿನಲ್ಲಿ ಸವಾರನು ಎರಡು ಕಾಲನ್ನೂ ಮೇಲಕ್ಕೆತ್ತಿಕೊಂಡು ದೇವರನ್ನು ನೆನೆಯುತ್ತಿದ್ದ. ಫ್ರೀವೀಲು ಎಲ್ಲೆಡೆ ಬಳಕೆಗೆ ಬಂದುದು ಆ ಶತಮಾನ ಮುಗಿಯುವ ಹೊತ್ತಿಗೆ. ಕಾಲಿಗೆ ಬಿಡುವು ಕೊಟ್ಟ ಪುಣ್ಯ ಈ ಉಗುರಿನಷ್ಟು ಉಕ್ಕಿನದು.

“ಒಂದೇ ಇದ್ದರೂ ಓಡಿತಲ್ಲಪ್ಪ?” ಎಂದರು ಪಂಡಿತರು. ಪ್ರಶ್ನೆಯಲ್ಲಿ ವಾದವಿರಲಿಲ್ಲ.

“ಓಡತ್ತೆ ಸಾರ್. ಸಮನೆಲದಲ್ಲಿ ಗೊತ್ತೇ ಆಗೋದಿಲ್ಲ. ಏರಿನಲ್ಲಿ ಎದ್ದುನಿಂತು ತುಳಿದಾಗ ಭಾರವೆಲ್ಲ ಆ ಒಂದರ ಮೇಲೇ ಬೀಳತ್ತೆ. ಜೊತೆಗೆ ಗಟ್ಟಿ ಗ್ರೀಸು ಬೇರೆ ತುಂಬಿದೆ. ಇಲ್ಲಿಗೆ ತೆಳುವಾದ ಎಣ್ಣೆಯೇ ಆಗಬೇಕು. ಗ್ರೀಸಿಗೆ ಅಂಟಿಕೊಂಡು ಕುತ್ತಾ ಮೇಲಕ್ಕೇಳೋದು ತಡವಾಯ್ತು ಅಂದರೆ ಪೆಡಲು ಸುಮ್ಮನೆ ಬಿದ್ದುಹೋಗತ್ತೆ. ಇದೂ ಇದ್ದಿದ್ದರೆ ಹಿಡಿಯೋದು.”

ಪಂಡಿತರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು. ಮುಂದಿನ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18. ಗಾಲಿಯ ಅಡ್ಡಳತೆ 28 ಅಂಗುಲ. ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು ಹತ್ತೊಂಬತ್ತೂವರೆ ಅಡಿ ಮುಂದಕ್ಕೆ ಹೋಗುತ್ತದೆ. ಆ ಹತ್ತೊಂಬತ್ತೂವರೆ ಅಡಿಯ ಬಲವೂ, ಹಿಂದೆ ಕುಳಿತ ಮಗುವಿನ ಭಾರವೂ, ತಾವು ಮಸಿಕುಡಿಕೆಯ ಪಕ್ಕದಲ್ಲಿಟ್ಟಿದ್ದ ಚೂರಿನ ತುದಿಯ ಮೂಲಕವೇ ಹಾದುಹೋಗಬೇಕಾಗಿತ್ತು. ಪಾದ ಹಾಕಿದ ಬಲವನ್ನು ಗಾಲಿಗೆ ಮುಟ್ಟಿಸುವುದು ಅದೇ ಆಗಿರುವಾಗ, ಅದಕ್ಕೆ ಪಾದಪೂರಣವೆಂಬ ಹೆಸರು ತಾವು ತಿಳಿದ ಅರ್ಥದಲ್ಲಿ ತಪ್ಪು; ತಿಳಿಯದ ಅರ್ಥದಲ್ಲಿ ಸರಿ.

ಹುಡುಗ ಡಬ್ಬಿಯಿಂದ ಹೊಸ ಸ್ಪ್ರಿಂಗನ್ನು ಹುಡುಕಿ ಹಾಕಿ, ಚೂರನ್ನು ಅದರ ಗುಳಿಯಲ್ಲಿ ಕೂರಿಸಿ, ಗುಂಡುಗಳನ್ನು ಸಾಲಿಟ್ಟು ಬಳೆಯನ್ನು ಬಿಗಿದ. ನಾಲ್ಕು ತೊಟ್ಟು ಎಣ್ಣೆ ಬಿಟ್ಟು ತಿರುಗಿಸಿದಾಗ ಸದ್ದು ತುಂಬಿಕೊಂಡು ಬಂತು. ಅಷ್ಟು ಹೊತ್ತೂ ಪಂಡಿತರು ಒಂದು ಮಾತಿಗಾಗಿ ಕಾದಿದ್ದರು. ಆ ಹಳೆಯ ದಿನವನ್ನು ಹುಡುಗ ಎತ್ತಿ ಆಡಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಅವನು ಎತ್ತಲಿಲ್ಲ. “ಎಂಟಾಣೆ ಕೊಡಿ ಸಾರ್, ಸ್ಪ್ರಿಂಗಿಂದು ಸೇರಿ” ಎಂದಷ್ಟೇ ಹೇಳಿದ.

ಪಂಡಿತರು ದುಡ್ಡು ಕೊಟ್ಟರು. ಮೆಟ್ಟಿಲಿಳಿದವರು ಹಿಂದಿರುಗಿ ನಿಂತು, ಎರಡು ವರ್ಷಗಳ ಹಿಂದೆ ದಿನವೂ ಹಾಜರಿ ಪುಸ್ತಕದಲ್ಲಿ ಓದುತ್ತಿದ್ದ ಪೂರ್ಣ ಹೆಸರಿನಿಂದ ಅವನನ್ನು ಕರೆದರು. ಬಹಳ ದಿನಗಳಿಂದ ಯಾರೂ ಕರೆಯದ ಹೆಸರು ಅದು. ಹುಡುಗ ಅಭ್ಯಾಸಬಲದಿಂದ, ಕೈಯಲ್ಲಿ ಸ್ಪ್ಯಾನರು ಹಿಡಿದುಕೊಂಡೇ, ನೆಟ್ಟಗೆ ನಿಂತು “ಸಾರ್” ಎಂದ.

“ಅಂದು ನಾನು ಹಾಗೆ ಅನ್ನಬಾರದಾಗಿತ್ತು” ಎಂದರು ಪಂಡಿತರು.

ಹುಡುಗ ತಲೆ ತಗ್ಗಿಸಿ, “ಮೆಲ್ಲಗೆ ಹೋಗಿ ಸಾರ್, ಕತ್ತಲಾಯ್ತು” ಎಂದ. ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ.

ಆ ವಾರ ತರಗತಿಯಲ್ಲಿ ಒಂದು ಹಳಗನ್ನಡ ಪದ್ಯದ ನಡುವೆ ‘ಗಡ’ ಎಂಬ ಮಾತು ಬಂತು. ಅಂಚಿನಲ್ಲಿ ‘ಪಾ.ಪೂ.’ ಎಂಬ ತಮ್ಮದೇ ಗುರುತಿತ್ತು. ಪಂಡಿತರು ದಾಟಿಹೋಗದೆ ನಿಂತು, ಪದ್ಯವನ್ನು ಆ ಮಾತನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಓದಿದರು. ಬಿಟ್ಟು ಓದಿದಾಗ ಅದು ಬರಿಯ ವರದಿ. ಸೇರಿಸಿ ಓದಿದಾಗ ಹೇಳುವವನ ಅಚ್ಚರಿಯೂ ಅಣಕವೂ ಎದ್ದುಬಂದುವು. ಗುರುತನ್ನು ರಬ್ಬರಿನಿಂದ ಅಳಿಸಿದರು.

ಮರುವರ್ಷ ನವರಾತ್ರಿ ಸಮೀಪಿಸಿದಾಗ ಹೆಂಡತಿ, “ಈ ಸಲವೂ ಬೋಗುಣಿ ಬೇಕೇನು?” ಎಂದು ಕೇಳಿದರು. “ಬೇಡ, ಅಂಗಡಿಗೆ ಕಳುಹಿಸೋಣ” ಎಂದು ಪಂಡಿತರು ಆ ಹುಡುಗನ ಹೆಸರು ಹೇಳಿ, ಅವನ ಕೈಗೇ ಕೊಡಬೇಕೆಂದು ಮಗನಿಗೆ ಅಪ್ಪಣೆ ಮಾಡಿದರು. ಅದು ಯಾರ ಹೆಸರೆಂದು ಮಗನಿಗೆ ಮೊದಲು ತಿಳಿಯಲೇ ಇಲ್ಲ.